ಮೊದಲು ಶರಬತ್ತು, ಆಮೇಲೆ ಜಿನ್

ಜಿನ್‌ಗೆ ನಿಂಬೆರಸ, ಸಕ್ಕರೆ ಸೇರಿಸಿ ಐಸ್ ಜೊತೆ ಕುಲುಕಿದರೆ ಗಿಮ್ಲೆಟ್. ಮೂರೇ ಸಾಮಾನು, ಎರಡು ನಿಮಿಷದ ಕೆಲಸ. ಆದರೂ ಮನೆಯಲ್ಲಿ ಮಾಡಿಕೊಂಡವರ ದೂರು ಸಾಮಾನ್ಯವಾಗಿ ಒಂದೇ: ಬಾರಿನಲ್ಲಿ ಸಿಗುವ ಹಾಗೆ ಬರಲಿಲ್ಲ. ತಪ್ಪು ಎಲ್ಲಾಯಿತು ಎಂದು ಹುಡುಕುವಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಜಿನ್ ಬಾಟಲಿಯ ಮೇಲೆ. ಇನ್ನೂ ಸ್ವಲ್ಪ ದುಬಾರಿಯದು ತರಬೇಕಿತ್ತು, ಗೋವಾದ್ದು ತರಿಸಬೇಕಿತ್ತು, ಹೊರದೇಶದಿಂದ ಬರುವ ನೆಂಟರಿಗೆ ಹೇಳಬೇಕಿತ್ತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ನನ್ನ ವಾದ ಬೇರೆ. ಗಿಮ್ಲೆಟ್ ಕೆಡುವುದು ಬಹುಪಾಲು ಜಿನ್‌ನಿಂದಲ್ಲ, ನಿಂಬೆ, ಸಕ್ಕರೆ, ನೀರು ಈ ಮೂರರ ಲೆಕ್ಕ ತಪ್ಪಿದ್ದರಿಂದ. ಆ ಲೆಕ್ಕ ಬಾರಿನವರಿಗಿಂತ ಮೊದಲೇ ನಮ್ಮ ಶರಬತ್ತಿನ ಚೊಂಬಿಗೆ ಗೊತ್ತಿತ್ತು. ಹಾಗಾಗಿ ಮನೆಯಲ್ಲಿ ಮಾಡುವವರು ಮೊದಲು ಶರಬತ್ತನ್ನು ಸರಿಮಾಡಿಕೊಂಡು ಜಿನ್ನನ್ನು ಕೊನೆಗೆ ಸುರಿಯುವುದು ಲೇಸು. ಜಿನ್ ಇಲ್ಲದೆ ಬಾಯಿಗೆ ರುಚಿಸದ್ದು ಜಿನ್ ಬಿದ್ದ ಮೇಲೂ ರುಚಿಸುವುದಿಲ್ಲ.

ಊರಿನ ಬಿಸಿಲು, ನೀರು, ಸಂತೆಯ ಹಣ್ಣು ಯಾವುದೆಂದು ಹೇಳದೆ ಈ ಲೆಕ್ಕ ಮಾಡಲಾಗದು. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯನ್ನೇ ತೆಗೆದುಕೊಳ್ಳೋಣ. ಪತ್ರಿಕೆ ಓದುವವರಿಗೆ ಉಳ್ಳಾರ್ತಿ ಎಂದರೆ ಅಮೃತಮಹಲ್ ಕಾವಲು, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋದ ಹುಲ್ಲುಗಾವಲು, ಅದರ ಸುತ್ತ ನಡೆದ ತಕರಾರು ನೆನಪಾಗುತ್ತದೆ. ಅದು ಇಲ್ಲಿನ ವಿಷಯವಲ್ಲ. ನಮಗೆ ಬೇಕಾದ್ದು ಇಷ್ಟು: ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಏಪ್ರಿಲ್ ಹೊತ್ತಿಗೆ ಮಧ್ಯಾಹ್ನದ ಬಿಸಿಲು 38 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕೊಳವೆಬಾವಿಯ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಬೇರೆ. ಶೇಂಗಾ ಮಿಲ್ಲುಗಳ ಈ ಸೀಮೆಯಲ್ಲಿ ಎಣ್ಣೆ ಎಂದರೆ ಇವತ್ತಿಗೂ ಮೊದಲು ನೆನಪಾಗುವುದು ಗಾಣದ್ದೇ ಹೊರತು ಬಾರಿನದ್ದಲ್ಲ. ಇನ್ನು ಕಾಕ್‌ಟೇಲ್ ಪುಸ್ತಕಗಳು ಹುಟ್ಟಿದ್ದು ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ, 20 ಡಿಗ್ರಿಯ ಕೋಣೆಯಲ್ಲಿ ಕೂತವರ ಕೈಯಲ್ಲಿ. ಅವರ ಅಳತೆಯನ್ನು ಹಾಗೆಯೇ ಎತ್ತಿ ತಂದರೆ ಚಳ್ಳಕೆರೆಯ ಬಿಸಿಲಲ್ಲಿ ಅದು ನಿಲ್ಲುವುದಿಲ್ಲ.

ಮೊದಲು ಹಣ್ಣು. ನಮ್ಮ ಸಂತೆಯ ತೆಳು ಸಿಪ್ಪೆಯ ಗುಂಡು ನಿಂಬೆ ಮಾಗಿದಾಗ ಹಳದಿ ಆಗುತ್ತದೆ. ಅದನ್ನು ನೋಡಿ, ಹೊರದೇಶದ ಚಿತ್ರಗಳಲ್ಲಿ ಕಾಣುವ ಉದ್ದನೆಯ ದಪ್ಪ ಸಿಪ್ಪೆಯ ಲೆಮನ್ ಇದೇ ಎಂದು ತಿಳಿಯುವವರಿದ್ದಾರೆ. ಗಿಮ್ಲೆಟ್‌ಗೆ ಬೇಕಾದ ಹಸಿರು ಲೈಮ್ ಸಿಗಲಿಲ್ಲ ಎಂದು ಬೆಂಗಳೂರಿನಿಂದ ತರಿಸುವವರೂ ಇದ್ದಾರೆ. ಬೇಕಿಲ್ಲ. ನಮ್ಮ ನಿಂಬೆಯೇ ಆ ಲೈಮ್. ಕಾಯಾಗಿದ್ದಾಗ ಕಿತ್ತರೆ ಹಸಿರು, ಗಿಡದಲ್ಲಿ ಬಿಟ್ಟರೆ ಹಳದಿ, ಅಷ್ಟೇ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ನಿಂಬೆ, ಕಿತ್ತಳೆಗಳ ಕುಲದ ಸಂಬಂಧಗಳನ್ನು ಬಿಡಿಸಿಟ್ಟಿತು. ನಮ್ಮ ನಿಂಬೆಗೂ ಲೆಮನ್ನಿಗೂ ತಂದೆ ಒಬ್ಬನೇ, ಮಾದಲ. ನಿಂಬೆಯ ತಾಯಿ ಮೈಕ್ರಾಂತಾ ಎಂಬ ಕಾಡುಜಾತಿ, ಲೆಮನ್ನಿನ ತಾಯಿ ಹುಳಿ ಕಿತ್ತಳೆ. ಇಡೀ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಮಿನ ಕಡೆಯ ಸೀಮೆ ಎಂಬುದೂ ಅದೇ ಅಧ್ಯಯನದ ನಿರ್ಣಯ. ಮಲತಾಯಿಯ ಮಕ್ಕಳಾದ ಇವೆರಡರ ಹುಳಿ ಹತ್ತಿರ ಹತ್ತಿರವೇ ಇದ್ದರೂ ವಾಸನೆ ಬೇರೆ. ಲೆಮನ್ನಿನದು ಹೂವಿನಂತೆ ಮೃದು, ನಿಂಬೆಯದು ಚುರುಕು, ಸ್ವಲ್ಪ ಒಗರು. ಜಿನ್‌ನ ರಾಳದಂಥ ಘಮಕ್ಕೆ ಎದುರು ನಿಲ್ಲಲು ಈ ಚುರುಕೇ ಬೇಕು. ಆ ದೃಷ್ಟಿಯಿಂದ ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆಯನ್ನು ಬಿಟ್ಟು ಹೊರಗಿನದಕ್ಕೆ ಆಸೆಪಡಬೇಕಾದ ಕಾರಣವೇ ಇಲ್ಲ. ಭೌಗೋಳಿಕ ಗುರುತು ಪಡೆದ ಹಣ್ಣು ಅದು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ನೆಲೆಯೂ ಆ ಊರೇ.

ಹುಳಿಯ ಪ್ರಮಾಣ ತಿಳಿದರೆ ಅರ್ಧ ಕೆಲಸ ಮುಗಿಯಿತು. ನಿಂಬೆರಸ 100 ಮಿ.ಲೀ. ತೆಗೆದುಕೊಂಡರೆ ಅದರಲ್ಲಿ ಸುಮಾರು 6 ಗ್ರಾಂ ಸಿಟ್ರಿಕ್ ಆಮ್ಲ. ಕಿತ್ತಳೆಯಲ್ಲಿ ಅದು 1 ಗ್ರಾಂ ಆಸುಪಾಸು, ಮೂಸಂಬಿಯಲ್ಲಿ ಅದಕ್ಕಿಂತಲೂ ಕಡಿಮೆ. ನಿಂಬೆ ದುಬಾರಿಯಾದಾಗ ಮೂಸಂಬಿ ಹಿಂಡಿದರಾಯಿತು ಎಂಬ ಉಪಾಯ ಕೈಕೊಡುವುದು ಇಲ್ಲಿಯೇ. ಹುಳಿಯ ಜಾಗದಲ್ಲಿ ಸಿಹಿ ಬಂದು ಕೂತು ಪೇಯ ಸಪ್ಪೆಯಾಗುತ್ತದೆ. ಒಂದು ಲೋಟ ಗಿಮ್ಲೆಟ್‌ಗೆ 20 ಮಿ.ಲೀ. ನಿಂಬೆರಸ ಸಾಕು, ಅಂದರೆ 1.2 ಗ್ರಾಂ ಆಮ್ಲ. ಸಮತೂಕ ಸಕ್ಕರೆ, ನೀರು ಕರಗಿಸಿದ ಪಾಕ 20 ಮಿ.ಲೀ. ಹಾಕಿದರೆ 12 ಗ್ರಾಂ ಸಕ್ಕರೆ ಬಿದ್ದಂತೆ. ಒಂದಕ್ಕೆ ಹತ್ತು. ಈ ಅನುಪಾತವನ್ನು ಕಾಪಾಡಿಕೊಂಡರೆ ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಆದರೆ ಕಾಪಾಡಿಕೊಳ್ಳಬೇಕಾದರೆ ಹಣ್ಣನ್ನು ಎಣಿಸುವುದು ಬಿಟ್ಟು ರಸವನ್ನು ಅಳೆಯಬೇಕು. ಮಳೆಗಾಲದ ದಪ್ಪ ಹಣ್ಣೊಂದು 20 ಮಿ.ಲೀ. ಕೊಟ್ಟರೆ ಏಪ್ರಿಲ್‌ನ ಗೋಲಿಯಂಥ ಹಣ್ಣು ಅದರ ಅರ್ಧವೂ ಕೊಡದಿರಬಹುದು. ಬೆಲೆ ಏರುವುದೂ ಆಗಲೇ. 2022ರ ಬೇಸಿಗೆಯಲ್ಲಿ ನಿಂಬೆಯ ಬೆಲೆ ದೇಶಕ್ಕೆ ದೇಶವೇ ಮಾತಾಡುವಷ್ಟು ಮೇಲೆ ಹೋಗಿದ್ದು ಹೆಚ್ಚಿನವರಿಗೆ ನೆನಪಿರಬೇಕು. ಮನೆಯಲ್ಲಿ ಕೆಮ್ಮಿನ ಔಷಧದ ಬಾಟಲಿಗೆ ಬರುವ ಗೆರೆ ಹಾಕಿದ ಪುಟ್ಟ ಮುಚ್ಚಳ ಇದ್ದರೆ ಅಳತೆಗೆ ಅದಕ್ಕಿಂತ ಒಳ್ಳೆಯ ಸಾಧನ ಬೇಡ.

ರಸ ಯಾವಾಗ ಹಿಂಡಬೇಕು ಎಂಬುದಕ್ಕೆ ಉತ್ತರ ಚಿತ್ರಾನ್ನದಲ್ಲಿದೆ. ಒಗ್ಗರಣೆ ಇಳಿಸಿ, ಅನ್ನ ಕಲೆಸಿ, ಬಿಸಿ ಸ್ವಲ್ಪ ಆರಿದ ಮೇಲೆಯೇ ನಿಂಬೆ ಹಿಂಡುವುದು. ಒಲೆಯ ಮೇಲಿರುವಾಗ ಹಿಂಡಿದರೆ ಕಹಿಯಾಗುತ್ತದೆ ಎಂದು ಅಡುಗೆ ಬಲ್ಲ ಯಾರಾದರೂ ಹೇಳುತ್ತಾರೆ. ಇದು ಬರೀ ರೂಢಿಯ ಮಾತಲ್ಲ. ಸಿಟ್ರಸ್ ರಸ ಹಿಂಡಿದ ಮೇಲೆ ಅದರಲ್ಲಿ ಲಿಮೋನಿನ್ ಎಂಬ ಕಹಿ ಪದಾರ್ಥ ನಿಧಾನವಾಗಿ ರೂಪುಗೊಳ್ಳುತ್ತದೆ, ಬಿಸಿ ತಾಗಿದರೆ ಬೇಗ. ಬೀಜ, ಬಿಳಿಯ ತಿರುಳು ಜಜ್ಜಿದರೆ ಇನ್ನೂ ಬೇಗ. ಅಂಗೈಯಡಿ ಹಣ್ಣನ್ನು ಒಂದೆರಡು ಸಲ ಹೊರಳಿಸಿ, ಅಡ್ಡಲಾಗಿ ಕುಯ್ದು, ಹದವಾಗಿ ಒತ್ತಿ, ಕೊನೆಯ ಹನಿಗೆ ಆಸೆಪಡದೆ ಬಿಟ್ಟರೆ ಈ ಕಹಿ ದೂರ. ರಸವನ್ನು ಆಗಿಂದಾಗಲೇ ಹಿಂಡಬೇಕು ಎಂಬುದಕ್ಕೆ ಒಂದು ಒಳ್ಳೆಯ ಆಕ್ಷೇಪವಿದೆ. ನ್ಯೂಯಾರ್ಕ್‌ನ ಕಾಕ್‌ಟೇಲ್ ತಜ್ಞ ಡೇವ್ ಆರ್ನಾಲ್ಡ್ ಹೆಸರು ಮರೆಮಾಡಿ ರುಚಿ ನೋಡಿಸಿದಾಗ, ಆಗತಾನೇ ಹಿಂಡಿದ್ದಕ್ಕಿಂತ ಕೆಲವು ಗಂಟೆ ಹಳೆಯ ನಿಂಬೆರಸವನ್ನೇ ಹಲವರು ಮೆಚ್ಚಿದ್ದರು. ಹಾಗಾದರೆ ತಾಜಾತನದ ಮಾತು ಸುಳ್ಳೇ? ಅಲ್ಲ. ಆ ಪರೀಕ್ಷೆ ಹೇಳುವುದು ಸಂಜೆಯ ಪೇಯಕ್ಕೆ ಮಧ್ಯಾಹ್ನ ಹಿಂಡಿಟ್ಟರೆ ಪ್ರಾಣ ಹೋಗುವುದಿಲ್ಲ ಎಂದು. ನಿನ್ನೆಯ ರಸವನ್ನು ಅದು ಹೊಗಳಿಲ್ಲ. ಅದೂ 38 ಡಿಗ್ರಿಯಲ್ಲಿ ಕಟ್ಟೆಯ ಮೇಲೆ ಇಟ್ಟ ರಸಕ್ಕೂ ಫ್ರಿಜ್ಜಿನಲ್ಲಿಟ್ಟ ರಸಕ್ಕೂ ವ್ಯತ್ಯಾಸವಿದೆ. ಹಿಂಡಿದ ಮೇಲೆ ಕೈ ತೊಳೆಯುವುದನ್ನು ಮಾತ್ರ ಮರೆಯಬಾರದು. ನಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಬೊಬ್ಬೆ, ಕಪ್ಪು ಕಲೆ ಏಳುವುದುಂಟು. ನಮ್ಮ ಬಿಸಿಲಿಗೆ ಅಷ್ಟು ಎಚ್ಚರ ಇರಲಿ.

ಇಷ್ಟು ಹೊತ್ತಿಗೆ ಶಾಸ್ತ್ರಬದ್ಧ ಕುಡುಕರು ಎದ್ದು ನಿಂತಿರುತ್ತಾರೆ. ಗಿಮ್ಲೆಟ್ ಎಂದರೆ ತಾಜಾ ನಿಂಬೆಯಲ್ಲ, ಬಾಟಲಿಯ ಲೈಮ್ ಕಾರ್ಡಿಯಲ್, ಅಂದರೆ ಸಕ್ಕರೆ ಬೆರೆಸಿ ಕಾಪಿಟ್ಟ ನಿಂಬೆರಸ ಎಂಬುದು ಅವರ ಪಟ್ಟು. ಪುರಾವೆ ಅವರ ಪರವಾಗಿಯೇ ಇದೆ. 1922ರಲ್ಲಿ ಹ್ಯಾರಿ ಮ್ಯಾಕೆಲ್‌ಹೋನ್ ತಮ್ಮ ಕಾಕ್‌ಟೇಲ್ ಪುಸ್ತಕದಲ್ಲಿ ಕೊಟ್ಟ ಗಿಮ್ಲೆಟ್ ಅರ್ಧ ಪ್ಲಿಮತ್ ಜಿನ್, ಅರ್ಧ ರೋಸ್ ಕಂಪನಿಯ ಲೈಮ್. ರೇಮಂಡ್ ಚಾಂಡ್ಲರ್ 1953ರ ‘ದಿ ಲಾಂಗ್ ಗುಡ್‌ಬೈ’ ಕಾದಂಬರಿಯಲ್ಲಿ ಒಂದು ಪಾತ್ರದ ಬಾಯಲ್ಲಿ ಅದನ್ನೇ ನಿಜವಾದ ಗಿಮ್ಲೆಟ್ ಎಂದು ಹೇಳಿಸಿ ಜಗತ್ತಿನ ತಲೆಗೆ ತುಂಬಿದ. ಆದರೆ ಆ ಬಾಟಲಿ ಹುಟ್ಟಿದ ಕಥೆ ನೋಡಿದರೆ ವಾದ ತಿರುಗಿ ಬೀಳುತ್ತದೆ. ಹಡಗಿನ ನಾವಿಕರನ್ನು ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ಕಾಡುತ್ತಿದ್ದ ಕಾಲದಲ್ಲಿ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಕಿತ್ತಳೆ, ಲೆಮನ್‌ಗಳ ಗುಣ ತೋರಿಸಿಕೊಟ್ಟ. 1795ರಿಂದ ಬ್ರಿಟಿಷ್ ನೌಕಾಪಡೆ ಲೆಮನ್ ರಸ ಹಂಚತೊಡಗಿತು. ರಸ ಕೆಡದಿರಲಿ ಎಂದು ಅದಕ್ಕೆ ಮದ್ಯ ಬೆರೆಸುತ್ತಿದ್ದರು. ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ 1867ರಲ್ಲಿ ಪೇಟೆಂಟ್ ಪಡೆದದ್ದು ಮದ್ಯವಿಲ್ಲದೆ ನಿಂಬೆರಸವನ್ನು ಕಾಪಿಡುವ ವಿಧಾನಕ್ಕೆ. ಮದ್ಯವನ್ನು ಹೊರಗಿಡಲು ಹುಟ್ಟಿದ ಬಾಟಲಿಗೇ ಜನ ಮತ್ತೆ ಜಿನ್ ಸುರಿದುಕೊಂಡರು. ಅಷ್ಟರಲ್ಲಿ ನೌಕಾಪಡೆ ಲೆಮನ್ ಬಿಟ್ಟು ವೆಸ್ಟ್ ಇಂಡೀಸ್‌ನ ಲೈಮ್‌ಗೆ ಬಂದಿತ್ತು. ಅದರಲ್ಲಿ ಸಿ ಜೀವಸತ್ವ ಕಡಿಮೆ. ಗಾಳಿ, ಬೆಳಕು, ತಾಮ್ರದ ಕೊಳವೆಗಳ ಸಹವಾಸದಲ್ಲಿ ಇದ್ದದ್ದೂ ನಾಶವಾಗುತ್ತಿತ್ತು. 1875ರಲ್ಲಿ ಉತ್ತರ ಧ್ರುವದತ್ತ ಹೊರಟ ನೇರ್ಸ್ ನಾಯಕತ್ವದ ಬ್ರಿಟಿಷ್ ತಂಡದಲ್ಲಿ ಆ ರಸ ಕುಡಿಯುತ್ತಿದ್ದವರಿಗೇ ಸ್ಕರ್ವಿ ಬಡಿಯಿತು. ಗಿಮ್ಲೆಟ್ ಎಂಬ ಹೆಸರಿಗೆ ಥಾಮಸ್ ಗಿಮ್ಲೆಟ್ ಎಂಬ ನೌಕಾಪಡೆಯ ವೈದ್ಯ ಕಾರಣ ಎಂದೂ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆಧಾರ ಮಾತ್ರ ತೆಳು.

ಅಂದರೆ ಬಾಟಲಿಯ ಕಾರ್ಡಿಯಲ್ ರುಚಿಗಾಗಿ ಆರಿಸಿಕೊಂಡದ್ದಲ್ಲ, ಹಡಗಿನಲ್ಲಿ ತಾಜಾ ಹಣ್ಣು ಸಿಗದ ಕಷ್ಟಕ್ಕೆ ಮಾಡಿಕೊಂಡ ಏರ್ಪಾಡು. ದೊಡ್ಡಉಳ್ಳಾರ್ತಿಯಲ್ಲಿ ಆ ಕಷ್ಟವಿಲ್ಲ. ಉಪ್ಪಿನಕಾಯಿಗೆ, ದೃಷ್ಟಿ ತೆಗೆಯಲು, ಮಾರಮ್ಮನ ಹಾರಕ್ಕೆ, ಹೊಸ ಗಾಡಿಯ ಚಕ್ರದಡಿಗೆ ನಿಂಬೆ ಬೇಕೇ ಬೇಕು. ಚಿಲ್ಲರೆ ಅಂಗಡಿಯಲ್ಲೂ ಸಿಗುತ್ತದೆ. ಆದರೂ ಕಾರ್ಡಿಯಲ್ ಪಕ್ಷದವರ ಮಾತಿನಲ್ಲಿ ಒಂದು ಸತ್ಯವಿದೆ. ಬಾಟಲಿಯದಕ್ಕೆ ಸಿಪ್ಪೆಯ ಘಮದ ಗಾಢತೆ ಇರುತ್ತದೆ, ಬರೀ ರಸಕ್ಕೆ ಅದು ಇರುವುದಿಲ್ಲ. ನಿಂಬೆಯ ಪರಿಮಳವೆಲ್ಲ ಸಿಪ್ಪೆಯ ಎಣ್ಣೆಯಲ್ಲಿ ಇರುವುದರಿಂದ ಹೀಗೆ. ಸಿಪ್ಪೆಯ ಚೂರನ್ನು ದೀಪದ ಕುಡಿಯ ಹತ್ತಿರ ಹಿಡಿದು ಮಡಿಸಿದರೆ ಚಿಟಪಟ ಎಂದು ಕಿಡಿ ಹಾರುತ್ತದಲ್ಲ, ಅದು ಆ ಎಣ್ಣೆ ಉರಿಯುವ ಸದ್ದು. ಇದನ್ನು ಮನೆಯಲ್ಲೇ ಹಿಡಿದುಕೊಳ್ಳುವ ದಾರಿ ಸುಲಭ. ನಾಲ್ಕು ನಿಂಬೆಹಣ್ಣಿನ ಹೊರಸಿಪ್ಪೆಯನ್ನು ಬಿಳಿಭಾಗ ಬರದಂತೆ ತೆಳ್ಳಗೆ ತುರಿದು, 100 ಗ್ರಾಂ ಸಕ್ಕರೆಯ ಜೊತೆ ಬೆರಳಲ್ಲಿ ಉಜ್ಜಿ, ಮುಚ್ಚಿ ಒಂದು ಗಂಟೆ ಇಡಬೇಕು. ಸಕ್ಕರೆ ಎಣ್ಣೆಯನ್ನು ಎಳೆದುಕೊಂಡು ತೇವವಾಗುತ್ತದೆ, ಬಣ್ಣವೂ ತುಸು ತಿರುಗುತ್ತದೆ. ಆಮೇಲೆ 100 ಮಿ.ಲೀ. ನೀರು ಹಾಕಿ ಒಲೆಗಿಡದೆ ಕಲಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿದರೆ ಪಾಕ ಸಿದ್ಧ. ಸಿಕ್ಕಿದರೆ ಒಂದು ಹೇರಳೆಕಾಯಿಯ ಸಿಪ್ಪೆಯ ತುರಿ ಸೇರಿಸಬಹುದು, ಅದರ ಘಮ ನಿಂಬೆಗಿಂತ ಗಂಭೀರ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ? ರಾಮನವಮಿಯ ಪಾನಕಕ್ಕೆ ಅದೇ ಸರಿ, ಜಿನ್‌ಗೆ ಅಲ್ಲ. ಬೆಲ್ಲದ ಸ್ವಂತ ರುಚಿ ಎಷ್ಟು ಜೋರೆಂದರೆ ಜಿನ್ ಅದರ ಎದುರು ಬಾಯಿಬಿಡಲಾರದು.

ಇನ್ನು ನೀರು. ಗಿಮ್ಲೆಟ್‌ಗೆ ನೀರು ಹಾಕುವುದಿಲ್ಲ ಎಂದುಕೊಳ್ಳುವುದೇ ಮನೆಯಲ್ಲಿ ಮಾಡುವವರ ದೊಡ್ಡ ತಪ್ಪು. ಹಾಕುತ್ತೇವೆ, ಐಸ್ ರೂಪದಲ್ಲಿ. ಒಂದು ಗ್ರಾಂ ಐಸ್ ಕರಗುವಾಗ 334 ಜೂಲ್ ಶಾಖ ಹೀರಿಕೊಳ್ಳುತ್ತದೆ. ಜಿನ್, ರಸ, ಪಾಕ ಸೇರಿ 100 ಮಿ.ಲೀ. ಮಿಶ್ರಣ 20 ಡಿಗ್ರಿಯಿಂದ ಸೊನ್ನೆಗಿಂತ ಮೂರು ಡಿಗ್ರಿ ಕೆಳಕ್ಕೆ ಇಳಿಯಬೇಕಾದರೆ ಅಂದಾಜು 27 ಗ್ರಾಂ ಐಸ್ ಕರಗಬೇಕು. ಪುಸ್ತಕಗಳು ಕಾಲುಭಾಗ ನೀರು ಸೇರುತ್ತದೆ ಎಂದು ಹೇಳುವುದು ಈ ಲೆಕ್ಕದಲ್ಲಿಯೇ. ಅದೇ ಮಿಶ್ರಣ ಏಪ್ರಿಲ್‌ನಲ್ಲಿ ಅಲಮಾರಿಯಿಂದ ಇಳಿದ 35 ಡಿಗ್ರಿಯ ಬಾಟಲಿಯಿಂದ ಬಂದಿದ್ದರೆ 44 ಗ್ರಾಂ ಕರಗುತ್ತದೆ. ಅಂದರೆ ಅದೇ ಅಳತೆ, ಅದೇ ಜಿನ್, ಅದೇ ನಿಂಬೆ ಇದ್ದರೂ ಲೋಟಕ್ಕೆ ಬರುವುದು ನೀರುನೀರಾದ ಬೇರೆಯೇ ಪೇಯ. ಬಾಟಲಿ, ಪಾಕ, ರಸ ಮೂರನ್ನೂ ಫ್ರಿಜ್ಜಿನಲ್ಲಿಟ್ಟು 8 ಡಿಗ್ರಿಗೆ ತಂದುಕೊಂಡರೆ ಕರಗುವುದು 13 ಗ್ರಾಂ ಮಾತ್ರ. ಆಗ ಉಲ್ಟಾ, ಪೇಯ ಖಾರವಾಗುತ್ತದೆ, ಒಂದು ದೊಡ್ಡ ಚಮಚ ತಣ್ಣೀರು ನಾವೇ ಹಾಕಬೇಕು. ದುಬಾರಿ ಜಿನ್ ತಂದರೆ ಸರಿಹೋದೀತು ಎನ್ನುವವರು ಈ ಒಂದು ಲೆಕ್ಕವನ್ನು ಮಾಡಿ ನೋಡಲಿ. ನೀರು ಸುಮಾರು ಮೂರೂವರೆ ಪಟ್ಟು ಏರಿಳಿಯುವ ಕಡೆ ಬಾಟಲಿಯ ಸೂಕ್ಷ್ಮ ವ್ಯತ್ಯಾಸ ಯಾವ ನಾಲಗೆಗೆ ಸಿಕ್ಕೀತು?

ಐಸ್ ಯಾವ ನೀರಿನದು ಎಂಬುದೂ ಮುಖ್ಯ, ಆದರೆ ಜನ ತಿಳಿದುಕೊಂಡಷ್ಟಲ್ಲ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ನಿಂಬೆಯ ಹುಳಿಯನ್ನು ಸ್ವಲ್ಪ ಕೊಲ್ಲುತ್ತದೆ. ಲೀಟರಿಗೆ 400 ಮಿ.ಗ್ರಾಂ ಕ್ಷಾರೀಯತೆಯ ನೀರು ಎಂದು ಹಿಡಿದರೆ, ಗಿಮ್ಲೆಟ್‌ನಲ್ಲಿ ಕರಗುವ 30 ಮಿ.ಲೀ. ನೀರು ಮುರಿಯುವುದು ನೂರಕ್ಕೆ ಒಂದು ಪಾಲು ಹುಳಿಯನ್ನು; ಅದು ಗೊತ್ತೂ ಆಗದು. ಅದೇ 200 ಮಿ.ಲೀ. ನೀರಿಗೆ 15 ಮಿ.ಲೀ. ರಸ ಹಿಂಡುವ ಶರಬತ್ತಿನಲ್ಲಿ ಹತ್ತರಲ್ಲಿ ಒಂದು ಪಾಲು ಹುಳಿ ಹೋಗುತ್ತದೆ. ಕೊಳವೆಬಾವಿಯ ನೀರಿನ ಶರಬತ್ತು ಎಷ್ಟು ಹಿಂಡಿದರೂ ಮಂಕು ಅನ್ನಿಸುವುದಕ್ಕೆ ಇದೊಂದು ಕಾರಣ. ಹಳ್ಳಿಯ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಲ್ಲೇ ಐಸ್ ಕಟ್ಟಿಸಿ, ಶರಬತ್ತನ್ನೂ ಅದರಲ್ಲೇ ಮಾಡಿದರೆ ಎರಡು ಕಡೆಯೂ ಈ ಸಮಸ್ಯೆ ಇಲ್ಲ. ಫ್ರೀಜರಿನಲ್ಲಿ ಮೀನು, ಮಸಾಲೆಯ ಡಬ್ಬಿ ಬಾಯಿ ತೆರೆದು ಕೂತಿದ್ದರೆ ಐಸ್ ಆ ವಾಸನೆಯನ್ನು ಹೀರಿಕೊಳ್ಳುತ್ತದೆ. ಗಡಸುತನಕ್ಕಿಂತ ಇದು ದೊಡ್ಡ ಕಂಟಕ.

ಇಷ್ಟಾದ ಮೇಲೆ ಜಿನ್. ಹಾಗಾದರೆ ಜಿನ್ ಯಾವುದಾದರೂ ಒಂದೇ ಎಂದು ನನ್ನ ಮಾತನ್ನು ಹಿಗ್ಗಿಸಬಾರದು. ಹುಳಿ, ಸಿಹಿ ಯಾವುದೂ ಇಲ್ಲದ ಮಾರ್ಟಿನಿಯಲ್ಲಿ ಜಿನ್ ಬೆತ್ತಲೆ, ಅಲ್ಲಿ ಅದರ ಗುಣವೇ ಎಲ್ಲ. ಗಿಮ್ಲೆಟ್‌ನಲ್ಲಿ ನಿಂಬೆಯ ಆಮ್ಲ ಮತ್ತು ಸಕ್ಕರೆ ಸೇರಿ ಜಿನ್‌ನ ನವಿರು ಪರಿಮಳಗಳನ್ನು ಮುಚ್ಚಿಬಿಡುತ್ತವೆ. ಉಳಿದು ಮೇಲೇಳುವುದು ಜುನಿಪರ್ ಕಾಯಿಯ ರಾಳದ ಘಮ ಮತ್ತು ಕೊತ್ತಂಬರಿ ಬೀಜದ ವಾಸನೆ ಮಾತ್ರ. ಆದ್ದರಿಂದ ಜುನಿಪರ್ ಎದ್ದು ಕಾಣುವ ಸಾದಾ ಜಿನ್ ಸಾಕು. 2017ರಲ್ಲಿ ಗ್ರೇಟರ್ ದ್ಯಾನ್, ಮರುವರ್ಷ ಸ್ಟ್ರೇಂಜರ್ ಆಂಡ್ ಸನ್ಸ್ ಗೋವಾದಿಂದ ಬಂದ ಮೇಲೆ ದೇಶದಲ್ಲಿ ಸಣ್ಣ ಭಟ್ಟಿಗಳ ಜಿನ್‌ಗೆ ಒಂದು ಬಗೆಯ ಜಾತ್ರೆಯೇ ನೆರೆದಿದೆ. ಅವುಗಳಲ್ಲಿ ಒಳ್ಳೆಯವು ಇವೆ. ಆದರೆ ಹತ್ತಾರು ಮಸಾಲೆಯ ಸೂಕ್ಷ್ಮಕ್ಕೆ ದುಡ್ಡು ಕೊಟ್ಟು ಅದರ ಮೇಲೆ ನಿಂಬೆ ಹಿಂಡುವುದು ದುಡ್ಡಿಗೆ ಬೆಂಕಿ ಇಟ್ಟ ಹಾಗೆ. ಒಂದು ಮಾತು ಇಲ್ಲೇ ಸ್ಪಷ್ಟವಾಗಲಿ. ಮನೆಯಲ್ಲಿ ಮಾಡುವುದು ಎಂದರೆ ಬೆರೆಸುವುದು, ಭಟ್ಟಿ ಇಳಿಸುವುದಲ್ಲ. ಪರವಾನಗಿಯಿಲ್ಲದೆ ಭಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ.

ಜಿನ್ ನಮ್ಮದಲ್ಲ, ಈ ಅಂಧಾನುಕರಣೆ ಏಕೆ ಎಂಬ ಆಕ್ಷೇಪ ಸಹಜ. ಡಚ್ಚರ ಯೆನೇವರ್ ಎಂಬ ಮದ್ಯದಿಂದ ಹುಟ್ಟಿ, 18ನೇ ಶತಮಾನದ ಲಂಡನ್ನನ್ನು ಹಾಳುಗೆಡವಿ, 1830ರಲ್ಲಿ ಈನಿಯಸ್ ಕಾಫಿ ಪೇಟೆಂಟ್ ಪಡೆದ ಭಟ್ಟಿಯಿಂದ ಶುದ್ಧವಾದ ಮದ್ಯ ಇದು. ಹುಟ್ಟು ಅಲ್ಲಿನದು, ನಿಜ. ಆದರೆ ಅದರೊಳಗೆ ಬಿದ್ದಿರುವುದನ್ನು ನೋಡಿ. ಜುನಿಪರ್ ಬಿಟ್ಟರೆ ಜಿನ್‌ಗೆ ಅತಿ ಮುಖ್ಯವಾದದ್ದು ಕೊತ್ತಂಬರಿ ಬೀಜ. ಆಮೇಲೆ ಕಿತ್ತಳೆ, ಲೆಮನ್ ಸಿಪ್ಪೆ, ದಾಲ್ಚಿನ್ನಿಯ ಬಳಗದ ಚಕ್ಕೆ, ಕೆಲವದರಲ್ಲಿ ಏಲಕ್ಕಿ. ಹುಳಿಸಾರಿನ ಪುಡಿ ಹುರಿಯುವ ಮನೆಗೆ ಇವುಗಳಲ್ಲಿ ಹೊಸದು ಯಾವುದೂ ಇಲ್ಲ. ಪೇಯದ ಇನ್ನೊಂದು ಅರ್ಧವಾದ ನಿಂಬೆಯೋ ಪೂರ್ವದಿಂದಲೇ ಪಶ್ಚಿಮಕ್ಕೆ ಹೋದದ್ದು. ಹೀಗಿರುವಾಗ ಯಾರು ಯಾರನ್ನು ಅನುಕರಿಸಿದರು ಎಂಬ ಜಗಳಕ್ಕೆ ಕೂರುವುದಕ್ಕಿಂತ, ನಮಗೆ ಗೊತ್ತಿರುವ ಭಾಗವನ್ನು ನಾವು ಚೆನ್ನಾಗಿ ಮಾಡುವುದು ಮೇಲು.

ಮಾಡುವ ಕ್ರಮ ಈ ವಾದದಿಂದಲೇ ಬರುತ್ತದೆ. ಮೊದಲು 20 ಮಿ.ಲೀ. ರಸ, 20 ಮಿ.ಲೀ. ಸಿಪ್ಪೆಯ ಪಾಕ, ಚಿಟಿಕೆಗಿಂತ ಕಡಿಮೆ ಉಪ್ಪು ಸೇರಿಸಿ. ಶರಬತ್ತಿಗೆ ಉಪ್ಪು ಹಾಕುವ ನಮ್ಮ ಅಭ್ಯಾಸಕ್ಕೆ ಕಾರಣವಿದೆ, ಅದು ಕಹಿಯನ್ನು ಅಡಗಿಸುತ್ತದೆ. ಈಗ ಒಂದು ಚಮಚ ಮಿಶ್ರಣಕ್ಕೆ ಎರಡು ಚಮಚ ಐಸ್‌ನೀರು ಬೆರೆಸಿ ನಾಲಗೆಗೆ ಹಚ್ಚಿ ನೋಡಬೇಕು. ಲೋಟದಲ್ಲಿ ಕೊನೆಗೆ ಆಗುವ ತೆಳುವೂ ಹೆಚ್ಚುಕಡಿಮೆ ಇಷ್ಟೇ, ಆದ್ದರಿಂದ ಈ ಪರೀಕ್ಷೆ ಸುಳ್ಳು ಹೇಳುವುದಿಲ್ಲ. ಹುಳಿ ಒಂದು ಹೆಜ್ಜೆ ಮುಂದೆ, ಸಿಹಿ ಅದರ ಹಿಂದೆ ಇದ್ದರೆ ಸರಿ. ಬೆಚ್ಚಗಿರುವಾಗ ನೋಡಿ ಸಕ್ಕರೆ ಕಡಿಮೆ ಮಾಡಬಾರದು; ತಣ್ಣಗಾದಾಗ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಇಲ್ಲಿಯವರೆಗೆ ತಪ್ಪಿದ್ದರೆ ನಷ್ಟ ಒಂದು ನಿಂಬೆಹಣ್ಣು. ಜಿನ್ ಸುರಿದ ಮೇಲೆ ತಪ್ಪು ಕಂಡರೆ ನಷ್ಟ ಒಂದು ಪೆಗ್. ಸರಿಯಾಗಿದ್ದರೆ 60 ಮಿ.ಲೀ. ಜಿನ್ ಹಾಕಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಮುಕ್ಕಾಲು ತುಂಬ ಐಸ್ ತುಂಬಿ, ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ಡಬ್ಬಿಯ ಹೊರಮೈಗೆ ಬಿಳಿ ಮಂಜು ಕಟ್ಟಿ ಬೆರಳು ಅಂಟುವಂತಾದಾಗ ನಿಲ್ಲಿಸಿ, ಟೀ ಸೋಸುವ ಜರಡಿಯಲ್ಲಿ ಸೋಸಿದರಾಯಿತು. ದುಬಾರಿ ಶೇಕರ್ ಅನಗತ್ಯ. ಗಾಜಿನ ಬಾಟಲಿಗಿಂತ ತೆಳು ಸ್ಟೀಲ್ ಬೇಗ ತಣಿಯುತ್ತದೆ, ಒಡೆಯುವ ಭಯವೂ ಇಲ್ಲ.

ಎಲ್ಲಕ್ಕಿಂತ ಭಾರದ ಆಕ್ಷೇಪ ಇನ್ನೂ ಉಳಿದಿದೆ. ಕುಡಿತ ಎಷ್ಟೋ ಮನೆ ಮುರಿದಿರುವ ಬರದ ಸೀಮೆಯಲ್ಲಿ ಕಾಕ್‌ಟೇಲ್ ಮಾತೇಕೆ? ಗಡಿಯಾಚೆಯ ಆಂಧ್ರದಲ್ಲಿ 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ವಿರುದ್ಧ ಎದ್ದರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ನಿಂತ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯ ತಮಿಳುನಾಡಿನಲ್ಲಿ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಈ ಸೀಮೆಯ ಮ್ಯಾಸಬೇಡ ಸಮುದಾಯದಲ್ಲಿ ಹೆಂಡ ಮುಟ್ಟಬಾರದೆಂಬ ಕಟ್ಟಳೆ ಹಿಂದಿನಿಂದಲೂ ಇದೆ. ವಿಜ್ಞಾನ ಹೇಳುವುದೂ ಇದಕ್ಕಿಂತ ಮೆತ್ತಗಿಲ್ಲ. ಮದ್ಯ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮೊದಲ ಗುಂಪಿಗೆ ಸೇರಿಸಿತು. ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಈ ಆಕ್ಷೇಪಕ್ಕೆ ಗಿಮ್ಲೆಟ್ ಒಳ್ಳೆಯದು ಎಂಬ ಉತ್ತರ ನನ್ನಲ್ಲಿಲ್ಲ. ನಿಂಬೆಯ ಸಿ ಜೀವಸತ್ವದ ನೆಪ ಹೂಡುವುದು ಆತ್ಮವಂಚನೆ. ನಮ್ಮ ಬಾಟಲಿಗಳ ಮೇಲೆ ಬರೆದಿರುವ ಶೇಕಡಾ 42.8ರ ಲೆಕ್ಕದಲ್ಲಿ 60 ಮಿ.ಲೀ. ಜಿನ್ ಎಂದರೆ 20 ಗ್ರಾಂ ಶುದ್ಧ ಮದ್ಯ. ಕುಲುಕಿದ ಮೇಲೂ ಲೋಟದಲ್ಲಿರುವುದು ಶೇಕಡಾ 20ರ ಪೇಯ, ವೈನ್‌ಗಿಂತ ಬಲವಾದದ್ದು. ತಣ್ಣಗೆ, ಸಿಹಿಹುಳಿಯಾಗಿ ಇಳಿಯುವುದರಿಂದ ಆ ಬಲ ಗೊತ್ತಾಗುವುದಿಲ್ಲ, ಅದೇ ಅಪಾಯ. ಕುಡಿಯದವರು ಶುರು ಮಾಡಲು ಇಲ್ಲಿ ಯಾವ ಕಾರಣವೂ ಇಲ್ಲ. ಕುಡಿಯುವವರು ಮಾತ್ರ ಅಂದಾಜಿನಲ್ಲಿ ಸುರಿಯುವುದು ಬಿಟ್ಟು ಅಳೆದು ಸುರಿದರೆ, ಎಷ್ಟು ಒಳಗೆ ಹೋಯಿತು ಎಂಬುದಾದರೂ ತಿಳಿಯುತ್ತದೆ.

ಶರಬತ್ತನ್ನು ಮೊದಲಿಡುವ ಕ್ರಮದ ಇನ್ನೊಂದು ಅನುಕೂಲ ಇಲ್ಲೇ ಕಾಣುತ್ತದೆ. ಜಿನ್ ಕೊನೆಗೆ ಬರುವುದರಿಂದ ಅದು ಬಾರದೆಯೂ ಇರಬಹುದು. ಮನೆಯಲ್ಲಿ ಕುಡಿಯದವರೇ ಹೆಚ್ಚಿರುವಾಗ ಅವರಿಗೆ ಬಣ್ಣದ ಸೋಡಾ ಕೊಟ್ಟು ಕೂರಿಸುವುದು ಅತಿಥಿಸತ್ಕಾರವಲ್ಲ. ಜಿನ್ ತರುತ್ತಿದ್ದುದನ್ನು ಬೇರೆ ದಾರಿಯಿಂದ ತರಬೇಕು. ಒಂದು ಚಮಚ ಕೊತ್ತಂಬರಿ ಬೀಜ, ಒಂದು ಏಲಕ್ಕಿ ಜಜ್ಜಿ, ಒಂದು ಲೋಟ ಬಿಸಿನೀರಿಗೆ ಹಾಕಿ ಹತ್ತು ನಿಮಿಷ ಮುಚ್ಚಿಟ್ಟು, ಸೋಸಿ ತಣಿಸಿ, ಜಿನ್‌ನ ಜಾಗದಲ್ಲಿ ಅದರ 60 ಮಿ.ಲೀ. ಬಳಸಿದರೆ ಘಮದ ಒಂದು ಭಾಗ ಬರುತ್ತದೆ. ಪೂರ್ತಿ ಬರುವುದಿಲ್ಲ. ಸಿಪ್ಪೆಯ ಎಣ್ಣೆ ಮದ್ಯದಲ್ಲಿ ಕರಗಿದಂತೆ ನೀರಿನಲ್ಲಿ ಕರಗದು, ಆದ್ದರಿಂದ ಇಲ್ಲಿ ಸಕ್ಕರೆಯ ಜೊತೆ ಸಿಪ್ಪೆ ಉಜ್ಜುವ ಕೆಲಸವನ್ನು ಬಿಡುವಂತೆಯೇ ಇಲ್ಲ. ಮದ್ಯದ ಖಾರವೂ ಇರುವುದಿಲ್ಲ. ಬೇಕೆನಿಸಿದರೆ ಎರಡು ಕಾಳುಮೆಣಸು ಜಜ್ಜಿ ಬೀಜದ ಜೊತೆಯೇ ನೆನೆಹಾಕಬಹುದು. ಡಬ್ಬಿ, ಐಸ್, ಜರಡಿ ಎಲ್ಲ ಅದೇ. ಕುಲುಕುವ ಹೊತ್ತು ಮಾತ್ರ ಅರ್ಧಕ್ಕೆ ಇಳಿಸಬೇಕು, ಏಕೆಂದರೆ ಮದ್ಯವಿಲ್ಲದ ನೀರು ಸೊನ್ನೆಯಿಂದ ಹೆಚ್ಚು ಕೆಳಗೆ ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚು ಕುಲುಕಿದರೆ ಶರಬತ್ತು ನೀರಾಗುವುದೊಂದೇ ಲಾಭ.